ಘನ, ದ್ರವ, ಸೆಮಿಸಿ

ಲೂಪೆ ಒಳಗೆ ಕಾಲಿಟ್ಟಳು. ಸೆಮಿಸಿ ಎದ್ದು ಹೊರಗೆ ನಡೆದ!

ಅಲ್ಲಿಯವರೆಗೆ ಶಿಕ್ಷಕರ ಕೋಣೆಯ ಸೂರು ಹಾರಿಹೋಗುವಂತೆ ನಗುತ್ತಿದ್ದ ಮನುಷ್ಯ, ಅವಳನ್ನು ಕಂಡದ್ದೇ ತಡ, ಅರ್ಧ ಕುಡಿದ ಚಹಾ ಬಿಟ್ಟು ನೆಲ ನೋಡುತ್ತಾ ಮಾಯ.

'ಇವತ್ತೂ ಅದೇ... ನಾನೇನು ಇವರ ಆಸ್ತಿ ಹೊಡೆದಿದ್ದೀನಾ?' ಅವಳು ಕೈಲಿದ್ದ ಪುಸ್ತಕ ಮೇಜಿನ ಮೇಲೆ ಕುಕ್ಕಿದಳು.

ಹೊಟ್ಟೆ ಉರಿಯುವ ಸಂಗತಿ ಏನು ಗೊತ್ತೇ? ಮೊದಲ ದಿನ ಹೀಗಿರಲಿಲ್ಲ. ಆಕ್ಲೆಂಡಿನಲ್ಲಿ ಅಪ್ಪನ ಒಬ್ಬಳೇ ಮಗಳಾಗಿ ಬೆಳೆದ ಟೊಂಗಾದ ಹುಡುಗಿ, ತೀರಿಕೊಂಡ ಅಮ್ಮನ ಊರಲ್ಲೇ ವಿಜ್ಞಾನ ಪಾಠ ಹೇಳಬೇಕೆಂದು ಟೊಂಗಾದ ವವಾಉ ದ್ವೀಪಕ್ಕೆ ಬಂದಿಳಿದಾಗ, ಹಡಗುಕಟ್ಟೆಯಲ್ಲಿ ಅವಳ ಪೆಟ್ಟಿಗೆ ಹೊತ್ತವನು ಇದೇ ಗಣಿತದ ಮೇಷ್ಟ್ರು.

"ಒಳಗೇನು, ಕಲ್ಲು ತುಂಬಿದ್ದೀರಾ?"

"ಪುಸ್ತಕ ರೀ."

"ಹಾಗಾದ್ರೆ ಕಲ್ಲೇ ವಾಸಿ ಇತ್ತು!"

ಇಬ್ಬರೂ ನಕ್ಕಿದ್ದರು. ಅವನ ನೋಟ ಅವಳ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತಿತ್ತು. ಅವಳೂ ಕಣ್ಣು ತೆಗೆದಿರಲಿಲ್ಲ. ಆಮೇಲೆ ಭಾನುವಾರ ಬಂತು. ಲೂಪೆ ಉಳಿದುಕೊಂಡಿದ್ದ ಮನೆಯ ಫೂಸಿಯಮ್ಮ ಚರ್ಚಿನಲ್ಲಿ ಅವಳ ಕೈ ಹಿಡಿದು, "ನನ್ನ ಮಗಳು ಬಂದಿದ್ದಾಳೆ, ನೋಡ್ರೋ!" ಎಂದು ಊರಿಗೆಲ್ಲ ತೋರಿಸಿದಳು. ಸೋಮವಾರದಿಂದ ಸೆಮಿಸಿ ಬೇರೆಯೇ ಮನುಷ್ಯ.

'ಸಾಕು. ಶುಕ್ರವಾರದ ಹಡಗು ಹತ್ತಿಬಿಡ್ತೀನಿ. ಅಮ್ಮನ ಊರಿಗೆ ನಾನು ಬೇಡ...'

ಕಣ್ಣೊರೆಸಿಕೊಂಡು ಅವಳು ಏಳನೇ ತರಗತಿಗೆ ಹೋದಳು. ಅಲ್ಲಿ ಜುಲೈ ಎಂದರೆ ಚಳಿಗಾಲ; ಆ ಚಳಿಗೆ ಬೆಳ್ಳಗೆ ಹೆಪ್ಪುಗಟ್ಟಿದ್ದ ಕೊಬ್ಬರಿ ಎಣ್ಣೆಯ ಸೀಸೆ ಎತ್ತಿ ಹಿಡಿದಳು.

"ಇದು ಯಾಕೆ ಗಟ್ಟಿಯಾಯ್ತು? ಒಳಗಿನ ಪರಮಾಣು ಬದಲಾದ್ವಾ?"

"ಇಲ್ಲಾ ಮಿಸ್!"

"ಹಾಂ! ಪರಮಾಣು ಅವೇ, ಅವು ಕೂಡಿ ಆದ ಅಣುಗಳೂ ಅವೇ. ಒತ್ತೊತ್ತಾಗಿ ನಿಂತ್ರೆ ಘನ. ಬಿಸಿ ತಾಗಿ ಜಾರಾಡಿದ್ರೆ ದ್ರವ. ಕೈಬಿಟ್ಟು ದಿಕ್ಕಾಪಾಲಾಗಿ ಓಡಿದ್ರೆ ಅನಿಲ. ಈಗ ನೀವೇ ಅಣುಗಳು. ಎಲ್ಲಿ, ಘನ ಆಗಿ ನೋಡೋಣ! ಕೈಗೆ ಕೈ ಹೆಣೀರಿ!"

ಮಕ್ಕಳು ಕೇಕೆ ಹಾಕುತ್ತಾ ಒಂದಾದರು. ಸಿಯಾಲೆ ಎಂಬ ಹುಡುಗಿ ಮಾತ್ರ ಆ ಮೂಲೆ, ತೇವಿತ ಎಂಬ ಹುಡುಗ ಈ ಮೂಲೆ.

"ಏನ್ರಪ್ಪಾ, ಜಗಳವಾ?" ಲೂಪೆ ನಗುತ್ತಲೇ ಇಬ್ಬರನ್ನೂ ಎಳೆತಂದು ಪಕ್ಕಪಕ್ಕ ನಿಲ್ಲಿಸಿ ಕೈ ಹೆಣೆಸಿದಳು.

ಕೇಕೆ ನಿಂತುಹೋಯಿತು. ತೇವಿತನ ಮುಖ ಕೆಂಪೇರಿತು. ಸಿಯಾಲೆ ಜೋರಾಗಿ ಅತ್ತೇಬಿಟ್ಟಳು.

ಪಕ್ಕದ ಕೋಣೆಯಿಂದ ಓಡಿಬಂದ ಸೆಮಿಸಿ ಬಾಗಿಲಲ್ಲೇ ನಿಂತ. ಗೋಡೆ ನೋಡುತ್ತಾ ಹೇಳಿದ, "ಬಿಡಿಸಿ ಮಿಸ್. ಅವರು ಅಣ್ಣ ತಂಗಿ."

"ಅಣ್ಣ ತಂಗಿ ಆದ್ರೇನು? ಒಟ್ಟಿಗೆ ನಿಲ್ಲೋದೂ ತಪ್ಪಾ?"

"ಅವರ ತಾಯಂದಿರು ಅಕ್ಕ ತಂಗಿ. ಇಲ್ಲಿ ಅದೂ ಒಡಹುಟ್ಟಿದ ಹಾಗೇನೇ. ದೊಡ್ಡವನಾಗ್ತಾ ಅಣ್ಣ ದೂರ ನಿಲ್ತಾನೆ. ತಂಗಿ ಮುಂದೆ ತಮಾಷೆ ಆಡಲ್ಲ, ಪಕ್ಕ ಕೂರಲ್ಲ, ಅವಳು ಬಂದ್ರೆ ಎದ್ದು ಹೋಗ್ತಾನೆ. ಅದು ದ್ವೇಷ ಅಲ್ಲ... ಗೌರವ."

ಮಾತು ಮುಗಿಸಿ ಹೊರಟೇಹೋದ. ಲೂಪೆ ಮಂಡಿಯೂರಿ ಇಬ್ಬರ ಬಳಿಯೂ ಕ್ಷಮೆ ಕೇಳಿದಳು.

ಸಿಯಾಲೆ ಮೂಗೊರೆಸಿಕೊಂಡು ಸಮಾಧಾನ ಹೇಳಿದಳು. "ಹೋಗ್ಲಿ ಬಿಡಿ ಮಿಸ್. ಆದ್ರೆ ನಿಮಗೆ ಇದು ಗೊತ್ತಿಲ್ವಾ? ಸೆಮಿಸಿ ಸರ್ ನಿಮ್ಮನ್ನ ಕಂಡ್ರೆ ಎದ್ದು ಹೋಗಲ್ವಾ, ಹಂಗೇ! ಅವರಮ್ಮ, ಫೂಸಿಯಮ್ಮ ಅಕ್ಕ ತಂಗಿ ತಾನೇ? ನೀವು ಫೂಸಿಯಮ್ಮನ ಮಗಳು. ಅಂದ್ರೆ ಅವರು ನಿಮಗೆ ಅಣ್ಣ!"

ಲೂಪೆಗೆ ನಿಂತ ನೆಲವೇ ಕುಸಿದಂತಾಯಿತು. 'ಅಣ್ಣನಾ?! ಅಯ್ಯೋ ದೇವರೇ... ತಿರಸ್ಕಾರ ಅಂದುಕೊಂಡು ನಾನು ಊರೇ ಬಿಡೋಕೆ ಹೊರಟಿದ್ನಲ್ಲಾ!'

ಶಾಲೆ ಬಿಟ್ಟೊಡನೆ ಮನೆಗೆ ಓಡಿದಳು. ಕೆಸುವಿನ ಗೆಡ್ಡೆ ಹೆರೆಯುತ್ತಿದ್ದ ಫೂಸಿಯಮ್ಮ ಕಥೆ ಕೇಳಿ ಹಣೆ ಹಣೆ ಚಚ್ಚಿಕೊಂಡಳು. ಅಂಗಳಕ್ಕೆ ಬಂದು ಬೀದಿಯಲ್ಲಿ ಹೋಗುತ್ತಿದ್ದ ಸೆಮಿಸಿಯನ್ನು ಕೂಗಿ ಕರೆದಳು.

"ಏ ಪೆದ್ದಾ! ಬಾ ಒಳಗೆ!"

"ಬೇಡ ಚಿಕ್ಕಮ್ಮ, ಒಳಗೆ ಅವರಿದ್ದಾರೆ..."

"ಅದಕ್ಕೇ ಬಾ ಅಂದಿದ್ದು! ಇವಳ ಅಮ್ಮ, ನಾನು ಒಂದೇ ಬೆಂಚಲ್ಲಿ ಕೂತು ಓದಿದವರು ಕಣೋ. ಪ್ರೀತಿಗೆ ಮಗಳು ಅಂದೆ. ಹೆತ್ತಿಲ್ಲ, ದತ್ತು ತಗೊಂಡಿಲ್ಲ, ರಕ್ತ ಸಂಬಂಧ ಮೊದಲೇ ಇಲ್ಲ. ಲೆಕ್ಕದ ಮೇಷ್ಟ್ರಂತೆ! ನನಗೆ ಇಷ್ಟುದ್ದದ ಮಗಳು ಎಲ್ಲಿಂದ ಬಂದ್ಳು ಅಂತ ಕೇಳಬಾರದಿತ್ತಾ?"

"ನೀನು ಹಿಂದೆ ಆಕ್ಲೆಂಡಲ್ಲಿದ್ದಾಗ ಸಾಕಿಕೊಂಡಿರಬಹುದು ಅಂತ..." ಸೆಮಿಸಿ ಅಂಗಳದಲ್ಲೇ ನಿಂತು ತಲೆ ಕೆರೆದುಕೊಂಡ.

ಫೂಸಿಯಮ್ಮ ಗೊಣಗುತ್ತಾ ಗೆಡ್ಡೆಯ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅವನು ಒಳಗೆ ಬಂದು ಚಾಪೆಯ ತುದಿಯಲ್ಲಿ ಕೂತ. ಮೆಲ್ಲಗೆ ತಲೆ ಎತ್ತಿ ಅವಳನ್ನು ನೋಡಿದ. ಕಣ್ಣು ತುಂಬಿದ್ದವು.

"ಪ್ರತಿ ಸಲ ಎದ್ದು ಹೋಗೋವಾಗ ಕಾಲೇ ಬರ್ತಿರಲಿಲ್ಲ ಲೂಪೆ. ತಂಗಿ ಮೇಲೆ ಮನಸ್ಸು ಹೋಯ್ತಲ್ಲ, ನಾನೆಂಥ ಪಾಪಿ ಅಂತ... ಚರ್ಚಲ್ಲಿ ಒಬ್ಬನೇ ಕೂತು ಅತ್ತಿದ್ದೀನಿ."

ಅವಳಿಗೂ ಅಳು ತಡೆಯಲಿಲ್ಲ. "ನಾನು ಶುಕ್ರವಾರದ ಹಡಗು ಹತ್ತೋಳಿದ್ದೆ. ನಿಮಗೆ ನನ್ನ ಮುಖ ಕಂಡರಾಗಲ್ಲ ಅಂತ..."

"ಈಗ?"

"ಈಗ ಹೋಗು ಅಂದ್ರೂ ಹೋಗಲ್ಲ!"

ಸೆಮಿಸಿ ಸೂರು ಹಾರುವಂತೆ ನಕ್ಕ, ಅಳುತ್ತಲೇ. ಆದರೂ ಕೂತ ಜಾಗದಿಂದ ಅಲುಗಲಿಲ್ಲ.

"ಇನ್ನೂ ಯಾಕೆ ಅಷ್ಟು ದೂರ?"

"ರೂಢಿ ಆಗಿಬಿಟ್ಟಿದೆ..."

"ಬಿಟ್ಟುಬಿಡಿ ಆ ರೂಢಿ."

ಅವನು ಚೂರು ಸರಿದು ಕೂತ. "ಇಷ್ಟು ಸಾಕಾ?"

"ಸಾಲದು," ಎಂದಳು ಲೂಪೆ.