ಮೂರು ತಾಸಿನ ಸುಳ್ಳು

“ಕೀಲಿ ಕೊಡ್ರಿ.”

ಆರು ತಿಂಗಳಿಂದ ಫೋನಿನಲ್ಲಷ್ಟೇ ಕೇಳಿದ್ದ ದನಿ... ಎದುರಿಗೆ ನಿಂತು ಆಡಿದ ಮೊದಲ ಮಾತು ಇದು!

ಹುನಗುಂದ ಕಡೆಯ ಹೊಲಗಳಿಗೆ ನೀರು ಬಿಡುವ ಸಂಘದ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದವಳು ಶಿವಗಂಗಾ ಒಬ್ಬಳೇ. ದಿನಾ ಸಂಜೆ ಬಾಗಲಕೋಟೆ ಕಚೇರಿಯಿಂದ ಎಂಜಿನಿಯರ್ ಗೌತಮ ಫೋನ್ ಮಾಡಿ, “ಕಂಪ್ಯೂಟರ್ ಚಲೋ ನಡದಾವೇನ್ರಿ?” ಎಂದು ಕೇಳಿ, ಆಮೇಲೆ ಅರ್ಧ ತಾಸು ಹರಟುತ್ತಿದ್ದ. ಆ ಅರ್ಧ ತಾಸಿಗಾಗಿ ಹುಡುಗಿ ಇಡೀ ದಿನ ಕಾಯುತ್ತಿದ್ದಳು, ಸುಳ್ಳೇಕೆ ಹೇಳಬೇಕು! ಇಂದು ಅವನೇ ಎದುರಿಗೆ ಬಂದು ಪಂಪ್‌ಹೌಸಿನ ಕೀಲಿ ಕೇಳುತ್ತಿದ್ದ.

“ನಿನ್ನಿ ಮುಂಜಾನೆ ಒಂಬತ್ತಕ್ಕ ಕಂಪ್ಯೂಟರ್ ನೀರಿನ ಗೇಟ್ ತೆರದೈತಿ. ಹತ್ತಕ್ಕ ನೀವು ಮುಚ್ಚಬೇಕಿತ್ತು. ಹನ್ನೊಂದಕ್ಕ ಮುಚ್ಚೀರಿ. ರೈತ ಹುಲ್ಲಪ್ಪನ ಹೊಲದಾಗ ಉಳ್ಳಾಗಡ್ಡಿ ಬೆಳಿ ಪೂರಾ ನೀರಾಗ ನಿಂತೈತಿ.”

“ಇಲ್ರಿ! ಎಂಟಕ್ಕ ನಾ ಬಂದಾಗನ ನೀರು ಹರಿಯಾಕತ್ತಿತ್ತು. ಓಡಿಹೋಗಿ ಮುಚ್ಚಿದೆ. ಕಂಪ್ಯೂಟರಿನಾಗ ಟೈಮ್ ತಪ್ಪಿತ್ರಿ...”

“ಬಾಗಲಕೋಟಿ ಕಂಪ್ಯೂಟರಿನಾಗೂ ಹನ್ನೊಂದ ಐತಿ. ಎರಡೂ ಸುಳ್ಳು ಹೇಳ್ತಾವೇನು?”

‘ಹಂಗಾದ್ರ ಸುಳ್ಳು ಹೇಳಾಕಿ ನಾನ?’

ಕೀಲಿ ಮೇಜಿನ ಮೇಲಿಟ್ಟು ತನ್ನೂರು ಇಳಕಲ್ಲಿನ ಬಸ್ಸು ಹತ್ತಿದಳು.

ಮನೆಯಲ್ಲಿ ಅವ್ವ ಮಗ್ಗದ ಮುಂದೆ. ಸಂಜೆಯಾದರೆ ಶಿವಗಂಗಾಳ ಕೈ ತಾನಾಗಿ ಫೋನಿನತ್ತ ಹೋಗುತ್ತಿತ್ತು. ನಾಚಿಕೆಗೆಟ್ಟ ಕೈ! ಹೋದ ಕೆಲಸಕ್ಕಿಂತ, ಅವನು ತನ್ನನ್ನು ನಂಬಲಿಲ್ಲವಲ್ಲ ಎಂಬುದೇ ಅವಳನ್ನು ಸುಡುತ್ತಿತ್ತು. ಇದನ್ನು ಯಾರ ಮುಂದೆ ಹೇಳಿ ಅಳುವುದು?

ಒಂಬತ್ತನೆಯ ದಿನ ಗೌತಮ ಬಾಗಿಲಲ್ಲಿ ನಿಂತಿದ್ದ. ಮುಖ ಬಾಡಿತ್ತು.

“ಹುಲ್ಲಪ್ಪನ ಹೊಲಕ್ಕ ಹೋಗಿದ್ದೆ. ‘ನಾ ಎಮ್ಮಿ ಹಿಂಡೂ ಹೊತ್ತಿಗೇನ ನೀರು ಬಂತಲ್ಲ’ ಅಂದ. ಅಂದ್ರ ಮುಂಜಾನೆ ಆರಕ್ಕ! ಹುಡುಕಿ ನೋಡಿದೆ... ಯಾವನೋ ಹೊರಗಿನವ ನೆಟ್‌ವರ್ಕಿನಾಗ ಹೊಕ್ಕು, ಮೂರು ತಾಸು ಮುಂದಿನ ಸುಳ್ಳು ಟೈಮ್ ಕಳಿಸಿದ್ದ. ಎರಡೂ ಕಂಪ್ಯೂಟರ್ ‘ನೀ ಯಾರು’ ಅಂತ ಕೇಳದ ನಂಬಿದ್ವು. ಅದಕ್ಕ ಖರೇ ಎಂಟು ಅವುಗಳೊಳಗ ಹನ್ನೊಂದಾತು. ಈಗ ಟೈಮ್ ಕಳಿಸೂ ಸಂದೇಶಕ್ಕ ಗುಪ್ತ ಸಹಿ ಕೂಡ್ಸೇನಿ. ಸಹಿ ಇಲ್ಲದ ಟೈಮ್ ಒಪ್ಪೂದಿಲ್ಲ.”

“ಅವು ಮಷಿನ್ ರಿ. ಆರು ತಿಂಗಳು ಮಾತಾಡಿದ ನಿಮಗರ ನನ್ನ ಗುರುತು ಇರಲಿಲ್ಲೇನು?” ಕಣ್ಣು ತುಂಬಿ ಬಂತು.

“ತಪ್ಪಾತು. ಸಂಘದವರ ಮುಂದೂ ಒಪ್ಪಿಕೊಂಡು ಬಂದೇನಿ. ನಿನ್ನ ಕೆಲಸ ನಿನಗೈತಿ. ಆದ್ರ ಅದನ್ನಷ್ಟ ಹೇಳಾಕ ಬಂದಿಲ್ಲ ಶಿವಗಂಗಾ... ನೀ ಇಲ್ಲದ ಭಾಳ ಒಂಟಿ ಆಗೇನಿ. ನನ್ನ ಲಗ್ನ ಆಗ್ತೀಯೇನು?”

ಒಳಗೆ ಮಗ್ಗದ ಸದ್ದು ಗಪ್ಪನೆ ನಿಂತಿತು.

“ನಾಳೆ ಮತ್ತ ಯಾರರ ನನ್ನ ಮ್ಯಾಲ ತಪ್ಪು ಹೇಳಿದ್ರ?”

“ಮೊದಲ ನಿನ್ನ ಕೇಳ್ತೇನಿ. ನೀ ಹೇಳಿದ್ದನ್ನ ನಂಬ್ತೇನಿ.”

“ಖರೇನ ನಾ ತಪ್ಪು ಮಾಡಿದ್ರ?”

“ಅದನ್ನೂ ನೀನ ಹೇಳ್ತಿ. ನನಗ ಗೊತ್ತೈತಿ.”

ಅಳುತ್ತಲೇ ನಕ್ಕಳು.

“ಹಂಗಾದ್ರ ಒಳಗ ಬರ್ರಿ... ನಾ ಹೂಂ ಅಂದೇನಿ ಅಂತ ಅವ್ವಗ ನೀವ ಹೇಳ್ರಿ. ನನಗ ನಾಚಿಕಿ ಬರ್ತೈತಿ.”