ಗುಡಿ ಮುದ್ರೆಯ ಬೆಳ್ಳಿ ನಾಣ್ಯ

“ಮುಟ್ಟಬ್ಯಾಡ್ರಿ ಸಾಹೇಬ್ರ! ಮಾಟದ್ದೈತಿ. ಯಾರಿಗೋ ನಿವಾಳಿಸಿ ಒಗದಾರ. ಎತ್ತಿದವರ ಮನಿಗೆ ಬರ್ತೈತಿ.”

ಬಳೆ ಮಾರುವ ಅಮೀನಾಬಿ ಬುಟ್ಟಿ ಇಳಿಸಿ ಕೂಗಿಕೊಂಡಳು. ೧೯೭೪ರಲ್ಲಿ ಧಾರವಾಡದಿಂದ ಮುದ್ದೇಬಿಹಾಳಕ್ಕೆ ಹೊಸದಾಗಿ ಬಂದಿದ್ದ ಇತಿಹಾಸದ ಮಾಸ್ತರ ಬಸಂತರಾಯ ನಕ್ಕುಬಿಟ್ಟ. ತಾಳಿಕೋಟೆ ರಸ್ತೆಯಲ್ಲಿ ಮೂರು ದಾರಿ ಕೂಡುವ ಕಡೆ, ಕೊಯ್ದ ನಿಂಬೆಹಣ್ಣು, ಕುಂಕುಮ ಕಲೆಸಿದ ಅನ್ನದ ನಡುವೆ ಬೆಳ್ಳಿ ಮಿಂಚುತ್ತಿತ್ತು. ಒಂದು ಕಡೆ ಶಿಲುಬೆ, ಇನ್ನೊಂದು ಕಡೆ ಕಂಬಗಳ ಗುಡಿ. ಯುರೋಪಿನ ಕರೋಲಿಂಜಿಯನ್ ದೊರೆ ಲೂಯಿಯ ನಾಣ್ಯ! ಸಾವಿರ ವರ್ಷಕ್ಕೂ ಹಳೆಯದು. ಮುಂಬಯಿ ವ್ಯಾಪಾರಿಗಳ ಬೆನ್ನು ಹತ್ತಿ ಆ ಕಾಲದ ನಾಣ್ಯ ಕೂಡಿಹಾಕುತ್ತಿದ್ದವನ ಬಳಿ ಇದೊಂದು ಇರಲಿಲ್ಲ. ಇಲ್ಲಿಗೆ ಹೇಗೆ ಬಂತೋ! ಒಗೆದವರು ಪಾಪ, ನಮ್ಮೂರ ಗುಡಿಯೇ ಎಂದುಕೊಂಡಿರಬೇಕು.

“ಬರಲಿ ಬಿಡವಾ, ಚಹಾ ಕುಡಿಸಿ ಕಳಸ್ತೇನಿ” ಎಂದು ಕಿಸೆಗೆ ಹಾಕಿಕೊಂಡ. ಎಂಥ ಜಂಬ ಅವನದು!

ಆ ವಾರವೇ ಐದು ವರ್ಷದ ಮಗಳು ಹೊನ್ನವ್ವ ಮಲಗಿದಳು. ಮೈ ಕೆಂಡ. ಕೋಣೆಯಲ್ಲಿ ಸುಟ್ಟ ಕೂದಲಿನ ಘಾಟು. ಗೋಡೆಯೊಳಗೆ ಯಾರೋ ಉಗುರಿನಿಂದ ಕೆರೆಯುವ ಸದ್ದು. ಡಾಕ್ಟರು ಕೈಚೆಲ್ಲಿದರು. ಮೀಸೆ ಮಣ್ಣಾದರೂ ಆಗಲಿ ಎಂದು ಅವನು ಅಮೀನಾಬಿಯ ಮನೆಗೆ ಓಡಿದ.

“ಮಗಳಿಗೆ ನಿವಾಳಿಸಿ ಅಲ್ಲೇ ಒಗೀರಿ. ನಿಂಬಿಹಣ್ಣು, ಅನ್ನ ಮರೀಬ್ಯಾಡ್ರಿ. ಹೆಂಡ್ತಿ ಮುಂದ ಸುದ್ದಾ ಬಾಯಿ ಬಿಡಬ್ಯಾಡ್ರಿ.”

ನಿಂಬೆಹಣ್ಣು ಹಿಡಿದು ಹೋದರೆ ಜನ ಏನೆಂದಾರು? ಮಾಸ್ತರಿಗೆ ನಾಚಿಕೆ. ಮಗಳ ಮೇಲಿಂದ ನಾಣ್ಯವೊಂದನ್ನೇ ಇಳಿಸಿ, ಸಂಜೆ ಹೋಗಿ ಒಗೆದು ಬಂದ. ಬರುವಷ್ಟರಲ್ಲಿ ಹೊನ್ನವ್ವ ಎದ್ದು ಕೂತಿದ್ದಳು. “ಅಪ್ಪಾ, ಹಸಿವಾಗೇತಿ” ಅಂದಳು. ಅವನು ಅತ್ತುಬಿಟ್ಟ. ಹೆಂಡತಿ ಬಾಳಮ್ಮ ಬ್ರೆಡ್ಡು ತರಲು ಪೇಟೆಗೆ ಓಡಿದಳು.

ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದವಳು ಪಡಸಾಲೆಯಲ್ಲೇ ಸೆರಗಿನ ಗಂಟು ಬಿಚ್ಚಿದಳು.

“ನೋಡ್ರಿ! ದಾರ್‍ಯಾಗ ತಾಳಿಕೋಟಿ ರಸ್ತೆ ಕೂಡೂ ಕಡೆ ಬಿದ್ದಿತ್ತು. ನಿಮ್ಮ ಕಿಸೆದಾಗಿಂದ ಜಾರಿರಬೇಕು. ನಿಮ್ಮ ಜೀವ ಅಲ್ಲೇನ್ರಿ ಇದು?”

ಮತ್ತೆ ಆ ಘಾಟು. ದೀಪ ಆರಿತು. ಅವನು ಒಳಗೆ ಓಡಿದ. ಎಡವಿದ. ಕತ್ತಲೆಯಲ್ಲಿ ಹಾಸಿಗೆ ತಡವಿದ. ಪುಟ್ಟ ಕೈ ಸಿಕ್ಕಿತು. ತಣ್ಣಗಿತ್ತು.

“ಹೊನ್ನವ್ವಾ!”

ಉಸಿರಿರಲಿಲ್ಲ.

ಬಾಳಮ್ಮ ನಾಣ್ಯ ಹಿಡಿದೇ ಬಾಗಿಲಿಗೆ ಬಂದಳು. “ಏನಾತ್ರಿ? ನಾ ಏನ್ ಮಾಡಿದೆ?”

ಏನೆಂದು ಹೇಳುವುದು ಆ ತಾಯಿಗೆ? ಅವಳು ಬದುಕಿರುವ ತನಕ ಅವನು ಹೇಳಲೇ ಇಲ್ಲ.