ಬಾವಿಯ ಮೇಲ್ನೀರು

ನಲ್ಲಿಯ ನೀರನ್ನು ಬಾಯಿಗೆ ಹಾಕಿಕೊಂಡ ಹಿರಿಯ ಬಿರೀಕಿ ಥೂ ಎಂದು ಉಗುಳಿದ. ಉಪ್ಪು!

ಪೆಸಿಫಿಕ್ ಸಾಗರದ ದ್ವೀಪದೇಶ ಕಿರಿಬಾಸ್‌ನ ಆ ಪುಟ್ಟ ಹಳ್ಳಿಗೆ ಇದ್ದದ್ದು ಅದೊಂದೇ ಬಾವಿ. ಅದರ ನೀರು ಹರಿಯುತ್ತಿದ್ದ ಕೆಸುವಿನ ಗುಂಡಿಯಲ್ಲೂ ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು.

ಮಧ್ಯಾಹ್ನದೊಳಗೆ ಅಪರಾಧಿಯೂ ಸಿಕ್ಕಿದ್ದ—ಟೆಬಾವ. ನಿನ್ನೆ ಅವನು ಸಮುದ್ರದ ನೀರು ಹೊತ್ತು ಬಾವಿಯ ಕಡೆ ಹೋದದ್ದನ್ನು ಪಂಪು ನೋಡಿಕೊಳ್ಳುವ ಕೌಟು ಕಂಡಿದ್ದನಂತೆ. ಸಂಜೆ ಹಿರಿಯರ ಸಭೆ. ತಪ್ಪು ಸಾಬೀತಾದರೆ ಟೆಬಾವ ಹೆಂಡತಿ, ಮಗಳೊಂದಿಗೆ ಊರು ಬಿಡಬೇಕು.

ಪೊಲೀಸ್ ಮರೆಟಾ ಬೈಕಿನಿಂದ ಇಳಿದಳು. ಮಳೆ ನಿಂತಾಗಿನಿಂದ ಅವಳು ಬಿಡಿಸಿದ್ದೆಲ್ಲ ನೀರಿನ ಜಗಳಗಳೇ. ಜನ ಒಣಗಿಹೋಗಿದ್ದರು. ಅವಳೂ.

"ನಿನ್ನೆ ಉಪ್ಪುನೀರು ಯಾಕೆ ತಂದೆ, ಟೆಬಾವ?"

"ಬಾವಿ ಆಚೆಗಿರೋ ಹಂದಿಗೂಡು ತೊಳೆಯೋಕೆ, ಅಕ್ಕ. ಬಾವಿನೀರು ಮುಟ್ಟಿದ್ರೆ ಬೈತಾರೆ. ಸಮುದ್ರದ್ದು ತಂದ್ರೆ ಊರೇ ಬಿಡು ಅಂತಾರೆ. ಇನ್ನು ಹಂದಿಗೂಡಿಗೆ ಎಂಜಲು ಉಗುಳ್ಲಾ?"

ಅವನ ಹೆಂಡತಿ ಆಗಲೇ ದೋಣಿಗೆ ಚಾಪೆಗಳನ್ನು ಹೊರುತ್ತಿದ್ದಳು.

ಕೌಟು ನಕ್ಕ. "ಬಾವಿ ಪಕ್ಕಕ್ಕೆ ಬಂದಾಗ್ಲೇ ಕೈ ಜಾರ್ತೇನೋ, ಪಾಪ!"

"ಬಾವಿಗೆ ಬೀಗ ಇತ್ತಲ್ಲ?"

"ನಿನ್ನೆ... ಹಾಕೋಕೆ ಮರೆತಿದ್ದೆ."

"ಮಳೆ ಇಲ್ಲದೆ ನೀರು ಇಳಿದಿರ್ಬೇಕು. ಆದ್ರೂ ಪಂಪು ಓಡ್ತಿತ್ತಾ?"

"ಓಡದೆ? ನನ್ನ ಹೊಸ ಅಂಗಡಿಗೆ ಸಿಮೆಂಟ್ ಇಟ್ಟಿಗೆ ಹಾಕಿಸ್ತಿದ್ದೀನಲ್ಲ!"

ಮರೆಟಾ ಮುಚ್ಚಳ ತೆಗೆಸಿದಳು. ಡಬ್ಬಿಗೆ ದಾರ ಕಟ್ಟಿ, ನೀರು ಕಲಕದಂತೆ ಇಳಿಸಿ, ಮೊಗೆದು ಕುಡಿದಳು. ಡಬ್ಬಿಯನ್ನು ಮತ್ತೆ ತುಂಬಿ ಪಕ್ಕಕ್ಕಿಟ್ಟಳು. ಆಮೇಲೆ ಪಂಪಿನ ಕೊಳವೆಯನ್ನು ಮೇಲಕ್ಕೆಳೆದಳು. ಮೇಲಿನ ಭಾಗಕ್ಕೆ ಹಸಿರು ಪಾಚಿ. ತುದಿಯ ಉದ್ದನೆಯ ತುಂಡು ನುಣ್ಣಗಿತ್ತು.

ಸಭೆಯಲ್ಲಿ ಅವಳು ಬಿರೀಕಿಯ ಮುಂದೆ ಎರಡು ಡಬ್ಬಿ ಇಟ್ಟಳು.

"ಇದು ನಲ್ಲೀದು, ಅಜ್ಜ. ಇದು ಬಾವಿಯ ಮೇಲಿಂದ ಮೊಗೆದದ್ದು. ಕುಡೀರಿ."

ಮುದುಕ ಎರಡನೆಯದನ್ನು ಕುಡಿದ. ಮತ್ತೆ ಕುಡಿದ. "ಸಿಹಿ!"

"ಉಪ್ಪುನೀರು ಭಾರ. ಸಿಹಿನೀರು ಹಗುರ. ನಮ್ಮ ಕಾಲಡಿ ಇರೋದೆಲ್ಲ ಸಮುದ್ರ. ಮಳೆನೀರು ಅದರ ಮೇಲೆ ತೇಲ್ತಿರುತ್ತೆ. ಅದಕ್ಕೇ ಹಿಂದೆಲ್ಲ ಮೇಲಿಂದ ಮೊಗೀತಿದ್ವಿ. ಪಂಪು ಬಂದ ಮೇಲೆ ಮುಚ್ಚಳ ತೆಗೆದೋರು ಯಾರು? ಎಲ್ಲರೂ ರುಚಿ ನೋಡಿದ್ದು ನಲ್ಲಿ ನೀರನ್ನೇ."

"ಹಾಗಾದ್ರೆ ಟೆಬಾವ?"

"ಅವನು ಬಕೆಟ್ ತಂದದ್ದು ನಿನ್ನೆ. ನಿಮ್ಮ ಕೆಸು ಒಂದೇ ದಿನಕ್ಕೆ ಹಳದಿಯಾಯ್ತಾ? ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಉಪ್ಪು ಕುಡಿದಿದೆ ಅದು. ನಮ್ಮ ನಾಲಿಗೆಗೆ ಗೊತ್ತಾದದ್ದು ಇವತ್ತು."

ಮರೆಟಾ ಕೌಟುವಿನ ಕಡೆ ತಿರುಗಿದಳು.

"ನೀರು ಇಳಿದಾಗ ಪಂಪಿಗೆ ಗಾಳಿ ಸಿಕ್ಕಿತು. ಬೀಗದ ಕೈ ಇದ್ದೋನು ತಳ ಅಗೆದು, ಕೊಳವೆಗೆ ಹೊಸ ತುಂಡು ಸೇರಿಸಿ, ಕೆಳಗಿನ ಉಪ್ಪುನೀರಿಗೇ ಇಳಿಸಿದ. ಹೊಸದು, ಅದಕ್ಕೇ ಪಾಚಿ ಹಿಡಿದಿಲ್ಲ. ಅಲ್ವಾ, ಕೌಟು?"

"ಇಟ್ಟಿಗೆ ಅರ್ಧಕ್ಕೆ ನಿಂತಿತ್ತು..." ಎಂದ ಕೌಟು, ನೆಲ ನೋಡುತ್ತ. "ಈಗ ಊರು ಬಿಡಬೇಕಾದೋನು ನಾನಾ?"

"ಅದು ಹಿರಿಯರು ಹೇಳೋ ಮಾತು. ನನಗೆ ಬೀಗದ ಕೈ ಕೊಡು."

ಅವನು ಕೊಟ್ಟ. ಬಿರೀಕಿ ಟೆಬಾವನನ್ನು ಕರೆಯಲು ಬಾಯಿ ತೆರೆದ. ಟೆಬಾವ ಆಗಲೇ ದಂಡೆಗೆ ಹೋಗಿದ್ದ. ಮಲಗಿದ್ದ ಮಗಳನ್ನು ಎಬ್ಬಿಸದೆ, ಅವಳ ಸುತ್ತಲಿನ ಚಾಪೆಗಳನ್ನು ಒಂದೊಂದಾಗಿ ದೋಣಿಯಿಂದ ಇಳಿಸುತ್ತಿದ್ದ.